ಕಂಪನಿಯವರನ್ನು ಏನು ಕೇಳಬೇಕು?

ಮಂಡ್ಯದ ಒಂದು ಸ್ವಾಯತ್ತ ಕಾಲೇಜಿನಲ್ಲಿ ಬಿ.ಕಾಂ., ಬಿಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಸ್ವಾಯತ್ತ ಅಂದಮೇಲೆ ಸಿಲಬಸ್ ನಾವೇ ಮಾಡಿಕೊಳ್ಳಬಹುದು. ಸಿಲಬಸ್ ತೀರ್ಮಾನಿಸುವ ಸಮಿತಿಯಾದ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಉದ್ಯಮದವರೊಬ್ಬರು ಇರಬೇಕು ಅನ್ನುವುದು ಯುಜಿಸಿ ನಿಯಮ. ಅವರು ಬರುತ್ತಾರೆ, ಕಾಫಿ ಕುಡಿಯುತ್ತಾರೆ, 'ಹುಡುಗರಿಗೆ ಕಮ್ಯುನಿಕೇಶನ್ ಸಾಲದು ಮೇಡಂ' ಅಂತಾರೆ, ಸಹಿ ಹಾಕಿ ಹೋಗುತ್ತಾರೆ. ಸಿಲಬಸ್ ಇದ್ದ ಹಾಗೇ ಇರುತ್ತದೆ.

2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್ಸಾದೆವು. ಹೇಗೂ ಸಿಲಬಸ್ ಬಿಚ್ಚಲೇಬೇಕಿತ್ತು. ಈ ಸಲ 'ನಿಮಗೆ ಎಂಥವರು ಬೇಕು' ಅಂತ ಯಾರನ್ನೂ ಕೇಳಲಿಲ್ಲ. 'ಹೊಸದಾಗಿ ಸೇರಿದವರು ಮೊದಲ ಆರು ತಿಂಗಳು ಏನು ಕೆಲಸ ಮಾಡ್ತಾರೆ? ಅವರ ಪಕ್ಕ ಸ್ವಲ್ಪ ಹೊತ್ತು ಕೂರಬಹುದಾ?' ಅಂತ ಕೇಳಿದೆವು. ತೂಬಿನಕೆರೆ, ಗೆಜ್ಜಲಗೆರೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶ, ಜೊತೆಗೆ ಒಂದೆರಡು ಆಡಿಟರ್ ಆಫೀಸು ಸುತ್ತಿದೆವು.

ಅಲ್ಲಿ ತಿಂಗಳು ನಡೆಯುವುದೇ ತಾರೀಕಿನ ಮೇಲೆ. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಿದ ಬಿಲ್ಲುಗಳ ರಿಟರ್ನ್), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ (ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ರಿಟರ್ನ್). ನಮ್ಮ ಪ್ರಶ್ನೆಪತ್ರಿಕೆಯಲ್ಲಿ 'ಟಿಡಿಎಸ್ ಎಂದರೇನು?' ಅಂತ ಎರಡು ಅಂಕದ ಪ್ರಶ್ನೆ ಇತ್ತು, ಅಷ್ಟೇ.

ಒಂದು ಕಡೆ ನಮ್ಮದೇ ಹಳೆಯ ವಿದ್ಯಾರ್ಥಿನಿ ಜಿಎಸ್‌ಟಿಯ 2ಬಿ ಪಟ್ಟಿಯನ್ನು ಖರೀದಿ ಪುಸ್ತಕದ ಜೊತೆ ತಾಳೆ ನೋಡುತ್ತಿದ್ದಳು. ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಸೇರಿ 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಬರುತ್ತದೆ. ಅದರಲ್ಲಿ ಇಲ್ಲದ ಬಿಲ್ಲಿಗೆ ಆ ತಿಂಗಳು ಇನ್‌ಪುಟ್ ಟ್ಯಾಕ್ಸ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಸಿಗುವುದಿಲ್ಲ. ಖರೀದಿ ಪುಸ್ತಕದಲ್ಲಿ ಬಿಲ್ ನಂಬರ್ '23' ಅಂತಿದೆ. ಕೊಟ್ಟವನು ಹಾಕಿರುವುದು '023/23-24'. ಎಕ್ಸೆಲ್‌ಗೆ ಅವೆರಡೂ ಒಂದೇ ಅಂತ ಗೊತ್ತಾಗಲ್ಲ. ಅವಳು ಮೊತ್ತ, ತಾರೀಕು, ಜಿಎಸ್‌ಟಿ ನಂಬರ್ ಹಿಡಿದು ಜೋಡಿಸುತ್ತಿದ್ದಳು. ಆಮೇಲೂ ಉಳಿದವಕ್ಕೆ ಫೋನ್: 'ಅಣ್ಣಾ, ನಿಮ್ಮ ರಿಟರ್ನ್ ಇನ್ನೂ ಹೋಗಿಲ್ಲ, ನಮ್ಮ ದುಡ್ಡು ಸಿಕ್ಕಾಕೊಂಡಿದೆ.' ಬೈಯದೆ, ಬಗ್ಗದೆ, ಕನ್ನಡದಲ್ಲೇ. ಕಮ್ಯುನಿಕೇಶನ್ ಅಂತ ಎಲ್ಲರೂ ಕೇಳುತ್ತಿದ್ದದ್ದು ಇದನ್ನೇ ಅಲ್ವಾ? ನಾವು ಸುಮ್ನೆ ಇಂಗ್ಲಿಷ್ ಗ್ರೂಪ್ ಡಿಸ್ಕಶನ್ ಮಾಡಿಸುತ್ತಾ ಇದ್ದೆವು.

ಹೀಗೆ ಐದನೇ ಸೆಮಿಸ್ಟರಿಗೆ ಒಂದು ಬಿಲ್ಲಿನ ಕಟ್ಟು ತಯಾರಾಯಿತು. ಆಡಿಟರ್ ಆಫೀಸಿನವರು ಹೆಸರು, ನಂಬರ್ ಅಳಿಸಿ ಕೊಟ್ಟ ನಿಜವಾದ ಬಿಲ್ಲುಗಳು. ಎರಡು ಸಲ ನಮೂದಾದದ್ದು, ತೆರಿಗೆ ದರ ತಪ್ಪಿದ್ದು, 50 ಸಾವಿರ ಮೀರಿದರೂ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಆನ್‌ಲೈನ್ ಪತ್ರ) ಇಲ್ಲದ್ದು, ಎಲ್ಲ ಅದರಲ್ಲಿವೆ. ಮಂಡ್ಯ ಅಂದಮೇಲೆ ಬೆಲ್ಲವೂ ಬರಲೇಬೇಕು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಬೆಲ್ಲಕ್ಕೆ ಶೇ. 5 ಜಿಎಸ್‌ಟಿ ಬಂತು, ಬಿಡಿ ಬೆಲ್ಲಕ್ಕೆ ಇಲ್ಲ. ಆಲೆಮನೆ ಇರುವ ಮನೆಯ ಮಕ್ಕಳು ಆ ದಿನ ನನಗಿಂತ ಜಾಸ್ತಿ ಮಾತಾಡುತ್ತಾರೆ. ಪರೀಕ್ಷೆ ಕಂಪ್ಯೂಟರ್ ಮುಂದೆ. ತಾಳೆ ಮಾಡಬೇಕು, ತಾಳೆಯಾಗದ ಬಿಲ್ಲಿನ ಬಗ್ಗೆ ಮಾಲು ಕೊಟ್ಟವರಿಗೆ ಒಂದು ಪತ್ರವನ್ನೂ ಬರೆಯಬೇಕು.

ಕಂಪನಿಯವರು ಕೇಳಿದ್ದಕ್ಕೆಲ್ಲ ನಾವು ಒಪ್ಪಲಿಲ್ಲ. ಒಂದು ದೊಡ್ಡ ಕಂಪನಿಯವರು ತಮ್ಮ ಸಾಫ್ಟ್‌ವೇರನ್ನೇ ಒಂದು ಸೆಮಿಸ್ಟರ್ ಪೂರ್ತಿ ಕಲಿಸಿ ಅಂದರು. ಆಗಲ್ಲ ಅಂದೆವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅದಕ್ಕೂ ಮುಂಚಿನ ಮಾರಾಟ ತೆರಿಗೆಯಾದ ವ್ಯಾಟ್‌ನ ಫಾರಂ ತುಂಬುವುದನ್ನಷ್ಟೇ ಕಲಿತಿದ್ದವರು ಪರದಾಡಿದರು, ಜಮಾ-ಖರ್ಚಿನ ಬುಡ ಗಟ್ಟಿ ಇದ್ದವರು ಬೇಗ ಹೊಂದಿಕೊಂಡರು. ಅದಕ್ಕೇ ಕಾಸ್ಟ್ ಅಕೌಂಟಿಂಗ್ (ತಯಾರಿಕೆಯ ಖರ್ಚಿನ ಲೆಕ್ಕ) ಪೇಪರ್ ಇದ್ದ ಜಾಗದಲ್ಲೇ ಉಳಿಯಿತು.

ನಿಜವಾದ ಜಗ್ಗಾಟ ನಡೆದದ್ದು ನಮ್ಮ ಸ್ಟಾಫ್ ರೂಮಿನಲ್ಲಿ. ಒಂದು ಪೇಪರ್ ತೆಗೆದರೆ ಯಾರೋ ಅತಿಥಿ ಉಪನ್ಯಾಸಕರ ವರ್ಕ್‌ಲೋಡ್ ಹೋಗುತ್ತದೆ. ಅದು ಅವರ ಅನ್ನದ ಪ್ರಶ್ನೆ. ಅದಕ್ಕೇ ಪೇಪರ್ ತೆಗೆಯದೆ, ಇದ್ದ ಪೇಪರಿನಲ್ಲೇ ಥಿಯರಿ ಗಂಟೆ ಇಳಿಸಿ ಪ್ರಾಕ್ಟಿಕಲ್ ಸೇರಿಸಿದೆವು. ಲ್ಯಾಬ್ ಚಿಕ್ಕದು, ಬ್ಯಾಚ್ ಮಾಡಲೇಬೇಕು. ಹಾಗಾಗಿ ವರ್ಕ್‌ಲೋಡ್ ಜಾಸ್ತಿಯೇ ಆಯಿತು. ಆಮೇಲೆ ಯಾರೂ ತಕರಾರು ಎತ್ತಲಿಲ್ಲ.

ಇಂಟರ್ನ್‌ಶಿಪ್ ಮಾತ್ರ ಇನ್ನೂ ಕೂಡಿಬಂದಿಲ್ಲ. ಅಕೌಂಟ್ಸ್ ವಿಭಾಗಕ್ಕೆ ಕೈ ಬೇಕಾಗುವುದು ವರ್ಷದ ಲೆಕ್ಕ ಮುಗಿಸುವ ಏಪ್ರಿಲ್, ಮೇನಲ್ಲಿ. ನಮ್ಮ ಮಕ್ಕಳು ಆಗ ಆರನೇ ಸೆಮಿಸ್ಟರಿನ ಪಾಠ, ಪರೀಕ್ಷೆಯಲ್ಲಿ ಮುಳುಗಿರುತ್ತಾರೆ. ನಾಲ್ಕನೇ ಸೆಮಿಸ್ಟರಿನವರನ್ನು ಕಳಿಸಿದರೆ ಹೇಗೆ ಅಂತ ಒಂದು ಆಡಿಟರ್ ಆಫೀಸಿನ ಜೊತೆ ಈಗ ಮಾತಾಡುತ್ತಿದ್ದೇವೆ.