ಹೊಸದಾಗಿ ಸೂಪರ್‌ವೈಸರ್ ಆದವರಿಗೆ: ಕೂಗಾಡದೆ ಲೈನ್ ನಡೆಸುವುದು ಹೇಗೆ

ನಾನು ಗಾರ್ಮೆಂಟ್ಸ್‌ಗೆ ಟೈಲರ್ ಆಗಿ ಸೇರಿದವಳು, ಈಗ ಫ್ಲೋರ್ ಇನ್‌ಚಾರ್ಜ್. "ಅಕ್ಕ, ಬೈಯದೆ ಟಾರ್ಗೆಟ್ ಬರುತ್ತಾ?" ಅಂತ ಹೊಸ ಸೂಪರ್‌ವೈಸರ್‌ಗಳು ಕೇಳುತ್ತಾರೆ. ಬರುತ್ತದೆ. ಟೈಲರ್ ಕೈ ಎಲ್ಲಿ ನಿಲ್ಲುತ್ತಿದೆ ನೋಡಿ, ಆ ತೊಡಕನ್ನು ನೀವು ತೆಗೆಯಿರಿ.

ಬೆಲ್ ಹೊಡೆಯುವ ಮೊದಲೇ ಲೈನ್, ಅಂದರೆ ಬಟ್ಟೆಯ ಒಂದೊಂದು ಭಾಗ ಹೊಲಿಯುವ ಮೆಷಿನ್‌ಗಳ ಸಾಲು, ಒಂದು ಸುತ್ತು ಹಾಕಿ. ಹೊಲಿಯಬೇಕಾದ ಪೀಸ್‌ಗಳ ಬಂಡಲ್ ಬಂದಿದೆಯಾ, ದಾರದ ಶೇಡ್ ಸರಿ ಇದೆಯಾ, ನಿನ್ನೆ ಹೊಲಿಗೆ ಬಿಡುತ್ತಿದ್ದ ಮೆಷಿನ್ ಅನ್ನು ಮೆಕ್ಯಾನಿಕ್ ನೋಡಿದ್ದಾರಾ?

ಪೀಸ್ ಕಮ್ಮಿ ಬಂದಾಗ "ಯಾಕೆ ಇಷ್ಟೇ?" ಅಂದರೆ ತಲೆ ತಗ್ಗಿಸುತ್ತಾರೆ. "ಏನು ತೊಂದರೆ ಆಗ್ತಿದೆ?" ಅಂದರೆ ಬಾಯಿ ಬಿಡುತ್ತಾರೆ. ಕಾಲರ್ ಕೂರಿಸುವ ಕಡೆ ಪೀಸ್ ಗುಡ್ಡೆ ಬಿದ್ದಿದೆ ಅಂದುಕೊಳ್ಳಿ. ಎರಡು ಭಾಗ ಕೂಡಿಸಲು ಬಟ್ಟೆಯ ಅಂಚಿಗೆ ಹಾಕುವ ನಾಚ್ ಗುರುತೇ ತಪ್ಪಿ ಬಂದಿರಬಹುದು, ಪಾಪ ಅಲ್ಲಿ ಕೂತ ಟೈಲರ್ ಬಟ್ಟೆ ಎಳೆದು ಎಳೆದು ಹೊಲಿಯುತ್ತಿರಬಹುದು. ಕಟಿಂಗ್ ಸೆಕ್ಷನ್‌ಗೆ ನೀವೇ ಹೋಗಿ ಮಾತಾಡಿ. ಅವಳು ಸೀಟು ಬಿಟ್ಟು ಏಳುವ ಹಾಗಿಲ್ಲ, ನೀವು ಏಳಬಹುದು.

ಸೂಜಿ ಮುರಿದರೆ ಎಲ್ಲ ಚೂರೂ ಸಿಕ್ಕಿದ ಮೇಲೇ ಹೊಸ ಸೂಜಿ ಕೊಡುತ್ತಾರೆ. ಚೂರು ಬಟ್ಟೆಯಲ್ಲಿ ಉಳಿದರೆ ಹಾಕಿಕೊಳ್ಳುವವರಿಗೆ ಚುಚ್ಚುತ್ತದೆ, ಅಲ್ವಾ? ನಿಯಮ ಸರಿಯೇ ಇದೆ. ಆದರೆ ಟೈಲರ್ ಒಬ್ಬಳೇ ಗಾಬರಿಯಲ್ಲಿ ಹುಡುಕುವಾಗ ಸುಮ್ನೆ ನಿಂತು ನೋಡಬೇಡಿ. ಮ್ಯಾಗ್ನೆಟ್ ತಗೊಂಡು ನೀವೂ ನೆಲಕ್ಕೆ ಕೂರಿ. ಇಡೀ ಲೈನ್ ನಿಮ್ಮನ್ನು ನೋಡುತ್ತಿರುತ್ತದೆ.

ಈ ರೀತಿಗೆ ಸರ್ವೆಂಟ್ ಲೀಡರ್‌ಶಿಪ್, ಅಂದರೆ ಸೇವೆ ಮಾಡುತ್ತಾ ಮುನ್ನಡೆಸುವುದು ಅನ್ನುತ್ತಾರೆ. ಅಮೆರಿಕದ ಎಟಿ ಅಂಡ್ ಟಿ ಕಂಪನಿಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಇದರ ಬಗ್ಗೆ ಬರೆದರು. ನಾಯಕನನ್ನು ಅಳೆಯಲು ಅವರು ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟ. ನಿಮ್ಮಿಂದ ಸೇವೆ ಪಡೆದವರು ಬೆಳೆಯುತ್ತಿದ್ದಾರಾ? ನಮ್ಮ ಫ್ಲೋರ್‌ನಲ್ಲಿ ಇದನ್ನು ದಾರ ಕತ್ತರಿಸುವ ಹೆಲ್ಪರ್ ಹುಡುಗಿಯಿಂದ ಶುರು ಮಾಡಿ. ಲೋಡ್ ಕಮ್ಮಿ ಇರುವ ಹೊತ್ತಲ್ಲಿ ವೇಸ್ಟ್ ಬಟ್ಟೆ ಕೊಟ್ಟು ಮೆಷಿನ್ ಮುಂದೆ ಕೂರಿಸಿ. ಅವಳ ಊಟದ ಹೊತ್ತನ್ನು ಮಾತ್ರ ಇದಕ್ಕೆ ಮುಟ್ಟಬೇಡಿ. ಕೈ ಕುದುರಿದ ಮೇಲೆ ಟೈಲರ್ ಗ್ರೇಡ್ ಕೊಡಿ ಅಂತ ಎಚ್‌ಆರ್‌ಗೆ ನೀವೇ ಬರೆದು ಕೊಡಿ. ಸಂಬಳ ಏರುವ ತನಕ ಬೆನ್ನು ಬಿಡಬೇಡಿ. ಟೈಲರ್ ಕೆಲಸ ಮಾಡಿಸಿಕೊಂಡು ಹೆಲ್ಪರ್ ಸಂಬಳ ಕೊಡುವುದು ಅನ್ಯಾಯ.

ಮೇಲಿನವರು ಬೈದರೆ ಅದನ್ನು ಲೈನ್‌ಗೆ ದಾಟಿಸಬೇಡಿ. ಗಂಟೆಗೆ ಎಷ್ಟು ಪೀಸ್ ಬಂತು, ಮೆಷಿನ್ ಎಷ್ಟು ಹೊತ್ತು ನಿಂತಿತ್ತು ಅಂತ ಬರೆದಿಟ್ಟುಕೊಂಡು ಪ್ರೊಡಕ್ಷನ್ ಮ್ಯಾನೇಜರ್‌ಗೆ ಆ ಲೆಕ್ಕ ತೋರಿಸಿ.

ಹಾಗಂತ ಎಲ್ಲದಕ್ಕೂ ಹೂಂ ಅನ್ನಬೇಕಿಲ್ಲ. ಒಬ್ಬ ಟೈಲರ್ ಕಡೆಯಿಂದ ಆಲ್ಟರ್, ಅಂದರೆ ಬಿಚ್ಚಿ ಸರಿ ಮಾಡಬೇಕಾದ ಪೀಸ್, ಜಾಸ್ತಿ ಬಂದರೆ ಹೇಳಲೇಬೇಕು. ಪಕ್ಕದಲ್ಲಿ ನಿಂತು, ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಿ. ಪೀಸ್ ಎತ್ತಿ ಎಲ್ಲರಿಗೂ ತೋರಿಸಬೇಡಿ.

ಇನ್ನೊಂದು ಮಾತು. ಬಾತ್‌ರೂಮ್‌ಗೆ ಹೋಗಲು ಯಾರೂ ನಿಮ್ಮ ಮುಖ ನೋಡುವಂತಾಗಬಾರದು. ಅವಳು ಬರುವ ತನಕ ಬೇರೆ ಯಾರನ್ನಾದರೂ ಕೂರಿಸಿ, ಯಾರೂ ಸಿಗದಿದ್ದರೆ ನೀವೇ ಕೂರಿ. ಅದಕ್ಕೆ ಲೈನ್‌ನ ಪ್ರತಿಯೊಂದು ಆಪರೇಷನ್, ಅಂದರೆ ಹೊಲಿಗೆಯ ಪ್ರತಿ ಹಂತದ ಕೆಲಸ, ನಿಮಗೆ ಬರಬೇಕು. ಬಾರದೇ ಇರುವುದನ್ನು ಅಲ್ಲಿ ಕೂತವಳ ಹತ್ತಿರವೇ ಕೇಳಿ ಕಲಿಯಿರಿ.