ಹಳೇ ಮಾನೋ ಮೆಷಿನ್ ಸ್ಪ್ಯಾನರ್ ಗುರುತಿಸಿದ್ದು ಹೀಗೆ

ಬೆಂಗಳೂರಿನ ಸಂಡೆ ಬಜಾರ್‌ನ ಗುಜರಿ ರಾಶಿಯಿಂದ ಮೂರು ಸಾಮಾನು ಆರಿಸಿಕೊಂಡು ಬಂದೆ. "ಎಲ್ಲ ಮಾನೋ ಮೆಷಿನ್‌ದೇ ಸಾರ್" ಎಂದಿದ್ದರು ಮಾರುವವರು. ಮುದ್ರಣದ ಅಚ್ಚುಮೊಳೆ, ಅಂದರೆ ಲೋಹದ ಅಕ್ಷರ, ಎರಕ ಹೊಯ್ಯುವ ಮಾನೋಟೈಪ್ ಯಂತ್ರದ್ದು ಅಂತ.

ಇಂಥವನ್ನು ಗ್ರೈಂಡರ್‌ಗೆ ಮಾತ್ರ ಹಿಡಿಯಬೇಡಿ. ಗುರುತು ಅಳಿಸಿಹೋಗುತ್ತದೆ, ಅಂಟಿರಬಹುದಾದ ಸೀಸದ ಪುಡಿಯೂ ಏಳುತ್ತದೆ. ನಾನು ಕೈಗವಸು ಹಾಕಿಕೊಂಡು, ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಬ್ರಶ್‌ನಲ್ಲಿ ಉಜ್ಜಿದೆ. ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ.

ಮೊದಲನೆಯದರ ಮೇಲೆ '3/8 ಡಬ್ಲ್ಯೂ' ಎಂದಿತ್ತು. 3/8 ಇಂಚು ಅಂದರೆ ಸುಮಾರು 9.5 ಮಿ.ಮೀ. ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದರೆ ಬಾಯಿ 18 ಮಿ.ಮೀ. ಬಂತು! ಸವೆದಿದೆ ಅಂದುಕೊಂಡೆ. ಸವೆದಿರಲಿಲ್ಲ. ಡಬ್ಲ್ಯೂ ಅಂದರೆ ವಿಟ್‌ವರ್ತ್, ಬ್ರಿಟಿಷರ ಅಳತೆ. ಅದು ಬೋಲ್ಟಿನ ದಪ್ಪ ಹೇಳುತ್ತದೆ, ಸ್ಪ್ಯಾನರ್ ಬಾಯಿಯ ಅಗಲವನ್ನಲ್ಲ. ಆದರೆ ಹಳೇ ಬ್ರಿಟಿಷ್ ಲೇತ್‌ಗೂ ಪಂಪಿಗೂ ಇದೇ ಸ್ಪ್ಯಾನರ್ ಬೇಕು. ಹಾಗಾಗಿ ಇದನ್ನು ಮಾನೋದ್ದು ಅನ್ನಲು ಆಧಾರವಿಲ್ಲ.

ಎರಡನೆಯದು ಹಲ್ಲಿರುವ ಟಿ ಆಕಾರದ ಕೀಲಿ. ಜೋಡಿಸಿದ ಮೊಳೆಗಳನ್ನು ಚೇಸ್ ಎಂಬ ಲೋಹದ ಚೌಕಟ್ಟಿನಲ್ಲಿ ಬಿಗಿಮಾಡುವುದಕ್ಕೆ ಇರುವಂಥದ್ದು. ಪ್ರೆಸ್ಸಿನದು ಹೌದು, ಮಾನೋದ್ದಲ್ಲ.

ಮೂರನೆಯದು ತೆಳ್ಳಗಿತ್ತು. ಅಳತೆಯೇ ಇಲ್ಲ, ಒಂದಷ್ಟು ಅಂಕಿ, ಅಕ್ಷರ ಮಾತ್ರ. ಅಲ್ಲೇ ನನ್ನ ಎದೆ ಹೊಡೆದುಕೊಂಡಿತು. ಯಂತ್ರದ ಜೊತೆಗೇ ಬರುವ ಸ್ಪ್ಯಾನರ್‌ಗೆ ಅಳತೆಯ ಬದಲು ಪಾರ್ಟ್ ನಂಬರ್ ಒತ್ತಿರುವುದುಂಟು. ಮಾನೋದಲ್ಲಿ ಕೆಲಸ ಮಾಡಿ ನಿವೃತ್ತರಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಪಾರ್ಟ್ಸ್ ಪುಸ್ತಕವಿದೆ ಎಂದು ತಿಳಿದು ಅವರ ಮನೆಗೆ ಹೋದೆ. ನಾನು ಮೊದಲ ಪುಟದಿಂದ ತಿರುಗಿಸುತ್ತಿದ್ದೆ. ಅವರು ಸ್ಪ್ಯಾನರ್ ಬಾಯಿಯ ಮೂಲೆಯಲ್ಲಿ ಅಂಟಿದ್ದ ಬೂದು ಹನಿ ತೋರಿಸಿದರು. "ಕೀಬೋರ್ಡ್ ಪುಟ ಯಾಕೆ ನೋಡ್ತೀರಿ? ಸೀಸ ಹತ್ತಿದೆ ಅಲ್ವಾ, ಕ್ಯಾಸ್ಟರ್ ಕಡೆ ನೋಡಿ."

ಮಾನೋ ಅಂದರೆ ಎರಡು ಯಂತ್ರ. ಕೀಬೋರ್ಡ್ ಕಾಗದದ ಸುರುಳಿಗೆ ತೂತು ಹೊಡೆಯುತ್ತದೆ. ಕ್ಯಾಸ್ಟರ್ ಆ ತೂತು ಓದಿ ಒಂದೊಂದೇ ಅಕ್ಷರ ಎರಕ ಹೊಯ್ಯುತ್ತದೆ. ಕಾದ ಲೋಹ ಇರುವುದು ಕ್ಯಾಸ್ಟರ್‌ನಲ್ಲಿ ಮಾತ್ರ. ಅವರು ಹನಿಯನ್ನು ಚಾಕುವಿನಿಂದ ಸ್ವಲ್ಪ ಕೆದಕಿದರು. ಬರೀ ಸೀಸದ ಹಾಗೆ ಮೆತ್ತಗೆ ಸುರುಳಿಯಾಗದೆ ಚಕ್ಕೆ ಎದ್ದಿತು. ಮೊಳೆ ಲೋಹದಲ್ಲಿ ಸೀಸ, ತವರದ ಜೊತೆ ಆಂಟಿಮನಿಯೂ ಇರುತ್ತದೆ, ಗಡಸುತನ ಅದರದು.

ಕ್ಯಾಸ್ಟರ್ ಭಾಗದಲ್ಲಿ ಚಿತ್ರ ಸಿಕ್ಕಿತು. ನಂಬರ್ ಕೂಡ ಅದೇ. ಹನಿ ಅರ್ಧ ಉಳಿದಿದೆ. ಅದನ್ನು ಹಾಗೇ ಬಿಟ್ಟು, ನಂಬರ್ ಬರೆದ ಚೀಟಿಯ ಜೊತೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.