ಹೊಸ ರಿವಾಲ್ವರ್ ಬಂದಿದೆ, ಹೊರಗೆ ಕೊರೆಯುವ ಚಳಿ: ಚಳಿ ಇಳಿಯುವವರೆಗೆ ಏನು ಮಾಡೋದು?

ಹೊಸ ರಿವಾಲ್ವರ್‌ನ ಪೆಟ್ಟಿಗೆ ಬಿಚ್ಚಿದ ದಿನವೇ ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಕೈ ಸುಮ್ನೆ ಕೂರುವುದಿಲ್ಲ. ಹೋಗಿ ನಾಲ್ಕು ಗುಂಡು ಹೊಡೆದು ಬಂದುಬಿಡೋಣ, ಅರ್ಧ ಗಂಟೆಯ ಕೆಲಸ ಅನಿಸುತ್ತದೆ. ಹೋಗಬೇಡಿ. ನಾನು ಒಂದು ಸಲ ಹಾಗೆ ಹೋಗಿ ಪೆಟ್ಟು ತಿಂದಿದ್ದೇನೆ.

ಅವತ್ತು ಚಳಿ ಸಾಲದು ಅಂತ ಗಾಳಿ ಬೇರೆ. ಆರು ತೋಟಾ ತುಂಬಿ ಹೊಡೆದರೆ ಎರಡು ಸಿಡಿಯಲೇ ಇಲ್ಲ. ಹೊರಗೆ ತೆಗೆದು ನೋಡಿದೆ. ಪ್ರೈಮರ್ (ತೋಟಾದ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಭಾಗ) ಮೇಲೆ ಉಗುರಿನಿಂದ ಒತ್ತಿದಷ್ಟು ಗುರುತು, ಅಷ್ಟೇ. ಬೆರಳು ಮರಗಟ್ಟಿ ಟ್ರಿಗರ್ ಎಲ್ಲಿದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಪೇಪರ್ ಮೇಲಿನ ತೂತುಗಳಂತೂ ಚೆಲ್ಲಾಪಿಲ್ಲಿ. ದುಡ್ಡು ದಂಡವಾಯಿತು ಅಂದುಕೊಂಡು ಮನೆಗೆ ಬಂದೆ. ಆಮೇಲೆ ನೋಡಿದರೆ, ತುಕ್ಕು ಹಿಡಿಯದಿರಲಿ ಅಂತ ತಯಾರಕರು ಹಚ್ಚಿ ಕಳಿಸಿದ್ದ ಎಣ್ಣೆ, ತೋಟಾ ಸಿಡಿಸಲು ಹೊಡೆತ ಕೊಡುವ ಹ್ಯಾಮರ್ ಸುತ್ತ ಹಾಗೇ ಇತ್ತು. ಚಳಿಗಾಲದ ಕೊಬ್ಬರಿ ಎಣ್ಣೆ ಹಾಗೆ ಗಟ್ಟಿಯಾಗಿತ್ತು. ಹ್ಯಾಮರ್ ಬೀಳುವಾಗ ಅದು ಅಡ್ಡ ಬಂದು ಹೊಡೆತದ ಜೋರು ತಗ್ಗಿಸಿತ್ತು. ಒರೆಸಿ ಮತ್ತೊಂದು ದಿನ ಹೋದರೆ ಒಂದೂ ತಪ್ಪಲಿಲ್ಲ. ಅವತ್ತು ಪರೀಕ್ಷೆ ಆಗಿದ್ದು ನನ್ನ ಬೆರಳು, ನನ್ನ ತಾಳ್ಮೆ. ರಿವಾಲ್ವರ್ ಅಲ್ಲ.

ಇನ್ನೊಂದು ವಿಷಯ. ರಿವಾಲ್ವರ್ ಪರೀಕ್ಷೆಯ ಅರ್ಧ ಕೆಲಸಕ್ಕೆ ಗುಂಡೇ ಬೇಡ. ಅದು ಮನೆಯೊಳಗೆ, ಒಳ್ಳೆ ಬೆಳಕಿನಲ್ಲಿ, ಬೆಚ್ಚಗೆ ಕೂತು ಮಾಡುವ ಕೆಲಸ. ಚಳಿ ಇರುವಷ್ಟು ದಿನ ಅದನ್ನೇ ಮಾಡಿ.

ಮೊದಲಿಗೆ ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಒಂದೂ ಮೇಜಿನ ಮೇಲೆ ಇರಬಾರದು. ಸಿಲಿಂಡರ್ (ತೋಟಾ ತುಂಬುವ, ತಿರುಗುವ ಉರುಳೆ) ತೆರೆದು ಪ್ರತಿ ಚೇಂಬರನ್ನೂ (ಒಂದೊಂದು ತೋಟಾ ಕೂರುವ ತೂತು) ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಚಹಾ ಕುಡಿಯಲು ಎದ್ದು ಹೋಗಿ ಬಂದರೆ ಮತ್ತೆ ನೋಡಿ. ಅತಿಯಾಯಿತು ಅನಿಸಬಹುದು, ಆಗಲಿ. ಖಾಲಿ ಅಂತ ಗೊತ್ತಿದ್ದರೂ ಬ್ಯಾರಲ್ (ನಳಿಗೆ) ಬಾಯಿ ಯಾರ ಕಡೆಗೂ ತಿರುಗಬಾರದು. ಗುಂಡು ನಿಲ್ಲಿಸುವಷ್ಟು ಗಟ್ಟಿಯಾದ ಗೋಡೆ ಇರುವ ದಿಕ್ಕು ನೋಡಿಕೊಂಡು ಕೂರಿ.

ಸಿನಿಮಾದಲ್ಲಿ ತೋರಿಸುವ ಹಾಗೆ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚಬೇಡಿ. ಸಿಲಿಂಡರನ್ನು ಹಿಡಿದಿರುವ ತೋಳು ಅದರಿಂದ ಬಾಗುತ್ತದೆ. ಒಮ್ಮೆ ಬಾಗಿದರೆ ಚೇಂಬರ್‌ಗೂ ಬ್ಯಾರಲ್‌ಗೂ ಸಾಲು ತಪ್ಪುತ್ತದೆ. ಎರಡು ಕೈಯಲ್ಲಿ ಮೆಲ್ಲಗೆ ಮುಚ್ಚಿ.

ಈಗ ಒರೆಸುವ ಕೆಲಸ. ತಯಾರಕರ ಪುಸ್ತಕದಲ್ಲಿ ಹೇಳಿದಷ್ಟನ್ನು ಮಾತ್ರ ಬಿಚ್ಚಿ. ಪಕ್ಕದ ತಗಡಿನ ಸ್ಕ್ರೂ ಮುಟ್ಟುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಬ್ಯಾರಲ್ ಒಳಗೆ, ಪ್ರತಿ ಚೇಂಬರ್ ಒಳಗೆ, ಹ್ಯಾಮರ್ ಸುತ್ತ ಸಾಲ್ವೆಂಟ್ ಹಾಕಿದ ಬಟ್ಟೆ ಓಡಿಸಿ, ಆಮೇಲೆ ಒಣ ಬಟ್ಟೆ. ಖಾಲಿ ತೋಟಾಗಳನ್ನು ಹೊರಗೆ ತಳ್ಳುವ ನಕ್ಷತ್ರದಾಕಾರದ ಭಾಗ ಇದೆಯಲ್ಲ, ಅದನ್ನು ಎತ್ತಿ ಅಡಿಯಲ್ಲೂ ಒರೆಸಿ. ಅಲ್ಲಿ ಎಣ್ಣೆ ಬೇಡ. ಎಣ್ಣೆ ಇದ್ದರೆ ಉರಿಯದೆ ಉಳಿದ ಮದ್ದಿನ ಪುಡಿ ಅಲ್ಲೇ ಅಂಟಿಕೊಂಡು, ಸಿಲಿಂಡರ್ ಮುಚ್ಚಲು ಅಥವಾ ತಿರುಗಲು ಬಿಗಿಯಾಗುತ್ತದೆ. ತಿರುಗುವ ಜಾಗಗಳಿಗೆ ತೆಳು ಎಣ್ಣೆ ಒಂದೊಂದು ಹನಿ ಸಾಕು. ಚಳಿಗಾಲದಲ್ಲಿ ಎಣ್ಣೆ ಕಡಿಮೆ ಇದ್ದಷ್ಟೂ ಒಳ್ಳೆಯದು.

ಒರೆಸಿ ಆಯಿತು ಅಂದರೆ ತಪಾಸಣೆ. ನನಗೆ ಬಹಳ ಇಷ್ಟದ ಭಾಗ ಇದು, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ರಿವಾಲ್ವರ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಟೈಮಿಂಗ್. ಅಂದರೆ ಹ್ಯಾಮರ್ ಬೀಳುವ ಹೊತ್ತಿಗೆ ಚೇಂಬರ್ ಸರಿಯಾಗಿ ಬ್ಯಾರಲ್ ಹಿಂದೆ ಬಂದು ನಿಂತು, ಸಿಲಿಂಡರ್ ಲಾಕ್ ಆಗಿರಬೇಕು. ಇಲ್ಲದಿದ್ದರೆ ಗುಂಡು ಬ್ಯಾರಲ್‌ನ ಅಂಚು ಕೆತ್ತಿಕೊಂಡು ಹೋಗುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ನೋಡುವುದು ಹೀಗೆ. ಒಂದು ಮಾರ್ಕರ್ ತೆಗೆದುಕೊಂಡು ಸಿಲಿಂಡರ್ ಹೊರಮೈ ಮೇಲೆ ಚೇಂಬರ್‌ಗಳಿಗೆ 1ರಿಂದ 6ರವರೆಗೆ ನಂಬರ್ ಹಾಕಿ (ಐದೇ ಇದ್ದರೆ ಐದು, ಸ್ಪಿರಿಟ್‌ನಲ್ಲಿ ಒರೆಸಿದರೆ ಹೋಗುತ್ತದೆ). ಎಡಗೈ ಬೆರಳು ಸಿಲಿಂಡರ್‌ಗೆ ತಾಗಿಯೂ ತಾಗದ ಹಾಗೆ ಇಡಿ. ಬಲಗೈ ಹೆಬ್ಬೆರಳಿನಿಂದ ಹ್ಯಾಮರನ್ನು ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಕಿವಿಗೊಟ್ಟು ಕೇಳಿ. ಸಿಲಿಂಡರ್ ಲಾಕ್ ಆಗುವ ಸಣ್ಣ ಟಿಕ್ ಶಬ್ದ, ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಲ್ಲುವುದಕ್ಕೆ ಮೊದಲೇ, ಹೆಚ್ಚೆಂದರೆ ಅದರ ಜೊತೆಗೇ ಬರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಕೈಯಿಂದ ಇನ್ನೊಂದು ಚೂರು ತಳ್ಳಿದಾಗ ಟಿಕ್ ಅಂದರೆ ಆ ಚೇಂಬರ್‌ನ ಟೈಮಿಂಗ್ ತಡ ಅಂತ ಅರ್ಥ. ನಿಧಾನವಾಗಿ ಮಾಡಿ ಅಂದಿದ್ದು ಇದಕ್ಕೇ. ಬೇಗ ಎಳೆದರೆ ಸಿಲಿಂಡರ್ ತನ್ನ ಓಟದಲ್ಲೇ ಹೋಗಿ ಕೂತುಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಆರೂ ಚೇಂಬರ್ ನೋಡಿ. ಐದು ಸರಿ ಇದ್ದು ಒಂದು ಮಾತ್ರ ತಡವಾಗುವುದೂ ಉಂಟು. ಆಮೇಲೆ ಡಬಲ್ ಆಕ್ಷನ್‌ನಲ್ಲೂ, ಅಂದರೆ ಹ್ಯಾಮರ್ ಮುಟ್ಟದೆ ಟ್ರಿಗರ್ ಮಾತ್ರ ಎಳೆಯುತ್ತಾ, ಅದನ್ನೇ ನೋಡಿ.

ಮುಂದಿನದು ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದು. ವಾಹನ ರಿಪೇರಿ ಮಾಡುವವರು ಬಳಸುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಇದ್ದರೆ ಸಾಕು. ಸಾಮಾನ್ಯವಾಗಿ ಈ ಸಂದು 0.004ರಿಂದ 0.008 ಇಂಚು, ಅಂದರೆ ಸುಮಾರು 0.1ರಿಂದ 0.2 ಮಿಲಿಮೀಟರ್ ಇರುತ್ತದೆ. ತೀರಾ ಕಡಿಮೆ ಇದ್ದರೆ ಸಿಲಿಂಡರ್ ಬಿಸಿಯಾಗಿ ಮಸಿ ಕಟ್ಟಿದ ಮೇಲೆ ಉಜ್ಜಿಕೊಳ್ಳುತ್ತದೆ. ಜಾಸ್ತಿ ಇದ್ದರೆ ಗುಂಡಿನ ವೇಗ ಸೋರಿಹೋಗುತ್ತದೆ. ಒಂದೇ ಚೇಂಬರ್ ಅಳೆದು ಬಿಡಬೇಡಿ. ಸಿಲಿಂಡರ್ ಹಿಂದೆ ಮುಂದೆ ಎಷ್ಟು ಸರಿಯುತ್ತದೆ ಅನ್ನುವುದನ್ನೂ ಆಗಲೇ ನೋಡಿ. ಕಣ್ಣಿಗೆ ಕಾಣುವಷ್ಟು ಓಡಾಡಿದರೆ ಒಳ್ಳೆಯದಲ್ಲ. ಪಕ್ಕಕ್ಕೆ ಒಂದಿಷ್ಟು ಅಲ್ಲಾಡುವುದು ಮಾಮೂಲು, ಅದಕ್ಕೆ ಗಾಬರಿ ಬೇಡ.

ಇನ್ನೊಂದು ಸಣ್ಣ ಪರೀಕ್ಷೆ. ಹ್ಯಾಮರ್ ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ. ಬೀಳಬಾರದು. ಬಿದ್ದರೆ ಅದು ಅಪಾಯದ ರಿವಾಲ್ವರ್. ಗುಂಡು ಹಾಕುವ ಮಾತೇ ಬೇಡ, ಸೀದಾ ವಾಪಸ್ ಕೊಡಿ. ಟೈಮಿಂಗ್ ತಡವಾಗುತ್ತಿದ್ದರೂ ಅಷ್ಟೇ. ಅರ ತೆಗೆದುಕೊಂಡು ನೀವೇ ಉಜ್ಜಲು ಹೋದರೆ ವಾರಂಟಿಯೂ ಹೋಯಿತು, ರಿವಾಲ್ವರೂ ಹೋಯಿತು. ನಿಜ ಹೇಳಬೇಕೆಂದರೆ ಚಳಿಗಾಲದಲ್ಲಿ ದೋಷ ಸಿಕ್ಕರೆ ಅದೃಷ್ಟ. ಬಿಸಿಲು ಬರುವ ಹೊತ್ತಿಗೆ ರಿಪೇರಿಯಾಗಿ ವಾಪಸ್ ಬಂದಿರುತ್ತದೆ.

ಎಲ್ಲ ಸರಿ ಇದ್ದರೆ ದಿನಕ್ಕೆ ಹತ್ತು ನಿಮಿಷ ಡ್ರೈ ಫೈರ್ ಮಾಡಿ, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯಿರಿ. ಈಗಿನ ಸೆಂಟರ್‌ಫೈರ್ (ತೋಟಾದ ಹಿಂಭಾಗದ ನಡುವೆ ಹೊಡೆಯುವ) ರಿವಾಲ್ವರ್‌ಗಳಿಗೆ ಸಾಮಾನ್ಯವಾಗಿ ಇದರಿಂದ ತೊಂದರೆ ಇಲ್ಲ. ಆದರೂ ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ತೋಟಾ ಹಾಕಿಕೊಂಡರೆ ಮನಸ್ಸಿಗೂ ನೆಮ್ಮದಿ. .22 ರಿಮ್‌ಫೈರ್ (ತೋಟಾದ ಅಂಚಿಗೆ ಹೊಡೆಯುವಂಥದ್ದು) ಆಗಿದ್ದರೆ ಮಾತ್ರ ಖಾಲಿ ಹೊಡೆಯಬೇಡಿ, ಪುಸ್ತಕದಲ್ಲಿ ಪರವಾಗಿಲ್ಲ ಅಂತ ಬರೆದಿದ್ದರೆ ಬೇರೆ ಮಾತು. ಅದರಲ್ಲಿ ತೋಟಾಕ್ಕೆ ಹೊಡೆಯುವ ಪಿನ್ ನೇರವಾಗಿ ಚೇಂಬರ್‌ನ ಅಂಚಿಗೆ ಹೊಡೆದು ಎರಡಕ್ಕೂ ಏಟಾಗಬಹುದು. ಬ್ಯಾರಲ್ ಮೇಲೆ ಮುಂದಿನ ಸೈಟ್ (ಗುರಿ ನೋಡುವ ಮುಳ್ಳು) ಹಿಂದೆ ಒಂದು ನಾಣ್ಯ ಇಟ್ಟುಕೊಂಡು ಡಬಲ್ ಆಕ್ಷನ್‌ನಲ್ಲಿ ಟ್ರಿಗರ್ ಎಳೆಯಿರಿ. ಮೊದಲ ದಿನ ನಾಣ್ಯ ಟಣ್ ಅಂತ ಬೀಳುತ್ತದೆ. ವಾರದಲ್ಲಿ ನಿಲ್ಲಲು ಶುರುವಾಗುತ್ತದೆ. ಪ್ರತಿ ಸಲ ಟ್ರಿಗರ್ ಪೂರ್ತಿ ಮುಂದಕ್ಕೆ ಬರಲು ಬಿಡಿ. ಅರ್ಧಕ್ಕೇ ಮತ್ತೆ ಎಳೆಯುವ ಅಭ್ಯಾಸವಾದರೆ ರೇಂಜಿನಲ್ಲಿ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ, ಅಥವಾ ಒಂದು ತೋಟಾ ದಾಟಿಹೋಗುತ್ತದೆ.

ಈ ನಡುವೆ ತೋಟಾ ತಂದಿಟ್ಟುಕೊಳ್ಳಿ. ಬ್ಯಾರಲ್ ಮೇಲೆ ಕೊರೆದಿರುವ ತೋಟಾದ ಹೆಸರನ್ನು ಅಕ್ಷರ ಅಕ್ಷರ ಓದಿ. .357 ಮ್ಯಾಗ್ನಮ್ ರಿವಾಲ್ವರ್‌ನಲ್ಲಿ .38 ಸ್ಪೆಷಲ್ ಹೊಡೆಯಬಹುದು. ಅದರ ಉಲ್ಟಾ ಸಲ್ಲದು. ಎರಡರ ಗುಂಡಿನ ದಪ್ಪ ಒಂದೇ, ಮ್ಯಾಗ್ನಮ್‌ನ ಕೇಸ್ (ಗುಂಡು, ಮದ್ದು ಹಿಡಿದಿಡುವ ಕೊಳವೆ) ಮಾತ್ರ ಸುಮಾರು 3 ಮಿಲಿಮೀಟರ್ ಉದ್ದ. 1930ರ ದಶಕದಲ್ಲಿ ಮ್ಯಾಗ್ನಮ್ ತಂದಾಗ ಹಳೇ .38ರಲ್ಲಿ ಯಾರೂ ತುರುಕದಿರಲಿ ಅಂತಲೇ ಆ ಉದ್ದ ಇಟ್ಟರು. ಪೂರ್ತಿ ಪೆಟ್ಟಿಗೆಗಳನ್ನು ಒಂದೇ ಜಾತಿಯದು ತರುವ ಬದಲು ಎರಡು ಮೂರು ತೂಕದ ಗುಂಡು ತನ್ನಿ. ಕಾರಣ ಮುಂದೆ ಹೇಳುತ್ತೇನೆ.

ಯಾವ ದಿನ ಹೋಗಬೇಕು? ನನ್ನ ಲೆಕ್ಕ ಸರಳ. ದಪ್ಪ ಕೈಗವಸು ಇಲ್ಲದೆ ಅರ್ಧ ಗಂಟೆ ಹೊರಗೆ ನಿಂತು ಅಂಗಿಯ ಗುಂಡಿ ಹಾಕಿ ಬಿಚ್ಚಲು ಆಗುತ್ತಿದ್ದರೆ ಹೊರಡಿ. ಗವಸು ಹಾಕಿಕೊಂಡು ಹೊಡೆಯುತ್ತೇನೆ ಅನ್ನುವವರಿಗೆ ಒಂದು ಮಾತು: ದಪ್ಪ ಗವಸು ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಒಳಗೆ ತುರುಕಿದರೆ ಟ್ರಿಗರ್ ಮುಂದಕ್ಕೆ ಬರಲು ಜಾಗವೇ ಇರುವುದಿಲ್ಲ. ಎಳೆಯುತ್ತಿದ್ದೀರೋ ಇಲ್ಲವೋ ಅನ್ನುವುದೂ ಬೆರಳಿಗೆ ತಿಳಿಯುವುದಿಲ್ಲ. ಇನ್ನೂ ಹಿಮ ಇದ್ದರೆ ಬ್ಯಾರಲ್ ಬಾಯಿ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ಒಳಗೆ ಒಂದು ಚಿಟಿಕೆ ಹಿಮ ಸೇರಿದರೂ ಖಾಲಿ ಮಾಡಿ, ಒರೆಸಿ, ಆಮೇಲೇ ಮುಂದಿನ ಮಾತು.

ತಂಪು ಇನ್ನೂ ಪೂರ್ತಿ ಹೋಗಿರುವುದಿಲ್ಲ ಅಲ್ವಾ, ಉಣ್ಣೆ ಟೋಪಿ ಹಾಕಿಯೇ ಹಾಕುತ್ತೀರಿ. ಇಯರ್ ಮಫ್ ಅನ್ನು ಟೋಪಿಯ ಮೇಲೆ ಹಾಕಿದರೆ ಸಂದಿನಿಂದ ಸದ್ದು ನುಗ್ಗುತ್ತದೆ. 140 ಡೆಸಿಬಲ್ ದಾಟುವ ಒಂದೇ ಸದ್ದು ಕಿವಿ ಕೆಡಿಸಲು ಸಾಕು, ರಿವಾಲ್ವರ್ ಅದನ್ನು ಆರಾಮವಾಗಿ ದಾಟುತ್ತದೆ. ಮೊದಲು ಕಿವಿಗೆ ಪ್ಲಗ್, ಮೇಲೆ ಬರಿ ಚರ್ಮಕ್ಕೆ ಮಫ್, ಅದರ ಮೇಲೆ ಬೇಕಾದರೆ ಟೋಪಿ. ಕನ್ನಡಕ ಮಂಜು ಕಟ್ಟಿದರೆ ತೆಗೆದಿಟ್ಟು ಹೊಡೆಯಬೇಡಿ, ಒರೆಸಿಕೊಂಡು ಹೊಡೆಯಿರಿ.

ಆರೂ ತುಂಬಿ ಶುರು ಮಾಡಬೇಡಿ. ಮೊದಲು ಒಂದು. ಆಮೇಲೆ ಎರಡು. ಒಂದೇ ಹಾಕುವಾಗ ಯಾವ ಚೇಂಬರ್‌ಗೆ ಹಾಕಬೇಕು ಅನ್ನುವಲ್ಲಿ ಹೊಸಬರು ಎಡವುತ್ತಾರೆ, ಯಾಕಂದರೆ ಟ್ರಿಗರ್ ಎಳೆದಾಗ ಬರುವುದು ಮುಂದಿನ ಚೇಂಬರ್. ಹಿಂದಿನಿಂದ ನೋಡಿದರೆ ಕೋಲ್ಟ್ ಕಂಪನಿಯ ಸಿಲಿಂಡರ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಸ್ಮಿತ್ ಅಂಡ್ ವೆಸ್ಸನ್‌ನದು ಅದರ ಉಲ್ಟಾ. ಮನೆಯಲ್ಲೇ ಖಾಲಿ ತಿರುಗಿಸಿ ನಿಮ್ಮದು ಯಾವ ಕಡೆ ಅಂತ ನೋಡಿಟ್ಟುಕೊಂಡಿರಿ. ಸಿಲಿಂಡರ್ ಇಲ್ಲದ ಪಿಸ್ತೂಲ್ ಹಿಡಿದು ರೂಢಿ ಇರುವವರು ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚಬೇಡಿ. ಆಗ ಹೇಳಿದ ಆ 0.1 ಮಿಲಿಮೀಟರ್ ಸಂದಿನಿಂದ ನುಗ್ಗುವ ಬಿಸಿ ಗಾಳಿ ಚರ್ಮ ಸೀಳುತ್ತದೆ.

ಟ್ರಿಗರ್ ಎಳೆದರೂ ಗುಂಡು ಸಿಡಿಯಲಿಲ್ಲ ಅಂದರೆ ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಸುಮ್ನೆ ನಿಲ್ಲಿ. ಮತ್ತೆ ಟ್ರಿಗರ್ ಎಳೆಯಬೇಡಿ. ತಡವಾಗಿ ಹೊತ್ತಿಕೊಳ್ಳುವ ತೋಟಾ ಬ್ಯಾರಲ್ ಬಿಟ್ಟು ಪಕ್ಕಕ್ಕೆ ಸರಿದಾಗ ಸಿಡಿದರೆ ಕೇಳುವುದೇ ಬೇಡ. ಸದ್ದು ಪುಸ್ಸ್ ಅಂತ ಸಣ್ಣದಾಗಿ ಬಂದರೆ ಇನ್ನೂ ಹುಷಾರು. ಗುಂಡು ಬ್ಯಾರಲ್ ಒಳಗೇ ಸಿಕ್ಕಿಕೊಂಡಿರಬಹುದು, ಹಿಂದೆ ಇನ್ನೊಂದು ಹೊಡೆದರೆ ಬ್ಯಾರಲ್ ಒಡೆಯುತ್ತದೆ.

ರಿವಾಲ್ವರ್ ಹಗುರದ್ದಾಗಿದ್ದರೆ ಇದನ್ನೂ ನೋಡಿ. ಪೂರ್ತಿ ತುಂಬಿ, ಕೊನೆಯ ಒಂದನ್ನು ಬಿಟ್ಟು ಉಳಿದದ್ದು ಹೊಡೆಯಿರಿ. ಉಳಿದ ತೋಟಾ ತೆಗೆದು ಹೊಸದರ ಪಕ್ಕ ಇಟ್ಟು ಉದ್ದ ಹೋಲಿಸಿ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಜಗ್ಗಾಟಕ್ಕೆ ಗುಂಡು ಕೇಸಿನಿಂದ ಮುಂದಕ್ಕೆ ಜಾರಿದ್ದರೆ ಆ ತೋಟಾ ನಿಮ್ಮ ರಿವಾಲ್ವರ್‌ಗೆ ಆಗಿಬರುವುದಿಲ್ಲ. ಇನ್ನೂ ಜಾರಿದರೆ ಸಿಲಿಂಡರ್ ತಿರುಗದಂತೆ ಅಡ್ಡ ನಿಲ್ಲುತ್ತದೆ.

ಗುರಿ ನೋಡುವುದು ಕೊನೆಗೆ. ಏಳರಿಂದ ಹತ್ತು ಮೀಟರ್ ಸಾಕು, ಕೈಗೆ ಚೀಲದ ಆಸರೆ ಕೊಟ್ಟು ಹೊಡೆಯಿರಿ. ಸಿಲಿಂಡರ್ ಸಂದಿನ ಹತ್ತಿರ ಚೀಲ ಬಂದರೆ ಅದೂ ಸುಟ್ಟು ಹರಿಯುತ್ತದೆ. ಭಾರದ ಗುಂಡು ಸಾಮಾನ್ಯವಾಗಿ ಮೇಲೆ ಬೀಳುತ್ತದೆ, ಹಗುರದ್ದು ಕೆಳಗೆ. ಉಲ್ಟಾ ಅನಿಸಿದರೂ ನಿಜ. ಭಾರದ ಗುಂಡು ನಿಧಾನ, ಅದು ಹೊರಬೀಳುವಷ್ಟರಲ್ಲಿ ಜಗ್ಗಾಟ ಬ್ಯಾರಲನ್ನು ಎತ್ತಿಬಿಟ್ಟಿರುತ್ತದೆ. ಸೈಟ್ ತಿರುಗಿಸಲು ಬಾರದ ರಿವಾಲ್ವರ್ ಆಗಿದ್ದರೆ ಹೊಂದುವ ತೂಕ ಹುಡುಕುವುದೊಂದೇ ದಾರಿ. ಎರಡು ಮೂರು ಬಗೆ ತನ್ನಿ ಅಂದಿದ್ದು ಇದಕ್ಕೆ. ಹಿಂದಿನ ಸೈಟ್ ತಿರುಗುವಂಥದ್ದಾಗಿದ್ದರೆ, ಗುಂಡು ಯಾವ ಕಡೆ ಹೋಗಬೇಕೋ ಅದನ್ನೂ ಆ ಕಡೆಗೇ ಸರಿಸಿ.

ಮನೆಗೆ ಬಂದ ಕೂಡಲೇ ಚೀಲ ಬಿಚ್ಚುವ ಆತುರ ಬೇಡ. ತಣ್ಣನೆ ಉಕ್ಕಿಗೆ ಬೆಚ್ಚನೆ ಗಾಳಿ ತಾಗಿದರೆ ಮೈಯೆಲ್ಲ ಬೆವರಿದ ಹಾಗೆ ನೀರು ಕೂರುತ್ತದೆ, ಒಳಗೂ ಕೂರುತ್ತದೆ. ಮೊದಲ ಸಲ ನಾನು ಬಿಚ್ಚಿಟ್ಟು ಮಲಗಿದ್ದೆ. ಬೆಳಗ್ಗೆ ಸಿಲಿಂಡರ್ ಗೀರುಗಳಲ್ಲಿ ಕೆಂಪಗೆ ಕೂದಲೆಳೆಯಷ್ಟು ತುಕ್ಕು. ಈಗ ಚೀಲ ಮುಚ್ಚಿದ ಹಾಗೇ ಬೀಗದೊಳಗೆ ಎರಡು ಮೂರು ಗಂಟೆ ಇಡುತ್ತೇನೆ. ಅಷ್ಟರಲ್ಲಿ ಸೋಪು ಹಾಕಿ ಕೈ ಮುಖ ತೊಳೆದುಕೊಳ್ಳಿ, ಸೀಸದ ಪುಡಿ ಊಟದ ಜೊತೆ ಹೋಗಬಾರದು. ಆಮೇಲೆ ಒರೆಸುವಾಗ ಮಾರ್ಕರ್ ನಂಬರ್ ಅಳಿಸುವ ಮುಂಚೆ ಯಾವ ಚೇಂಬರ್ ಎಲ್ಲಿಗೆ ಹೊಡೆಯಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ನನ್ನದರಲ್ಲಿ ನಾಲ್ಕನೆಯದು ಇವತ್ತಿಗೂ ಚೂರು ಎಡಕ್ಕೇ ಹೋಗುತ್ತದೆ.